ಗುಡ್ಡೆಯ ಹಿಂದಿನ ಚುಕ್ಕಿ

ನನಗೆ ಬಾಯಿ ಜಾಸ್ತಿ ಅಂತ ಪೆರಾಬೆಯಲ್ಲಿ ಯಾರನ್ನು ಕೇಳಿದ್ರೂ ಹೇಳ್ತಾರೆ. ಲೋಲಾಕ್ಷಿಯ ಬಾಯಿಗೆ ಬೀಳುದಕ್ಕಿಂತ ಕಣಜದ ಗೂಡಿಗೆ ಕಲ್ಲು ಹೊಡೆಯುದು ಒಳ್ಳೇದು ಅಂತ ನನ್ನ ಗಂಡನ ಅಣ್ಣ, ಭಾವ ಕುಶಾಲಪ್ಪನವರೇ ಮದುವೆ ಊಟದ ಪಂಕ್ತಿಯಲ್ಲಿ ಹೇಳಿ ನಗಾಡಿದ್ದು ಉಂಟು. ಹೇಳ್ಲಿ. ಮನಸ್ಸಿನಲ್ಲಿದ್ದದ್ದನ್ನು ನುಂಗಿ ಒಳಗೊಳಗೆ ಬೇಯುವ ಪೈಕಿ ನಾನಲ್ಲ. ಅಂಥ ನಾನು ಈ ವರ್ಷ ಒಂದು ಮಾತನ್ನು ನುಂಗಿ ಕೂತಿದ್ದೇನೆ. ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಅದಕ್ಕೆ ಇಲ್ಲಿ ಹೇಳುದು.

ನನ್ನ ಗಂಡ ದೇವದಾಸ ಏಳು ವರ್ಷದ ಹಿಂದೆ ಪಗ್ಗು ತಿಂಗಳ, ಅಂದ್ರೆ ಏಪ್ರಿಲಿನ, ಉರಿ ಬಿಸಿಲಲ್ಲಿ ಪಿಕಪ್ಪಿಗೆ ರಬ್ಬರ್ ಶೀಟ್ ಹೇರಿಕೊಂಡು ನೆಲ್ಯಾಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರ್ತೇನೆ, ಬಂಗುಡೆ ಸಾರು ಮಾಡು ಅಂದಿದ್ದರು. ನಾನು ಮಾಡಿ ಇಟ್ಟೆ. ಅವರು ಬರಲಿಲ್ಲ. ಸಂಜೆ ಫೋನ್ ಮಾಡಿದ್ರೆ ಸ್ವಿಚ್ ಆಫ್ ಅಂತ ಹೆಂಗಸಿನ ಸ್ವರ ಬಂತು. ರಾತ್ರಿಯೂ ಅದೇ ಸ್ವರ, ಮರುದಿನವೂ ಅದೇ.

ಮರುದಿನ ಮಧ್ಯಾಹ್ನದ ಒಳಗೆ ಊರಿನವರೇ ಉತ್ತರ ಹುಡುಕಿ ತಂದು ಕೊಟ್ಟರು. ನೆಲ್ಯಾಡಿಯಲ್ಲಿ ಹೈವೇ ಬದಿ ಒಂದು ಬಾಡಿಗೆ ಮನೆಯಲ್ಲಿ ಕೇರಳದ ಹೆಂಗಸೊಂದು ಇತ್ತು. ರಬ್ಬರ್ ಟ್ಯಾಪಿಂಗಿಗೆ ನಮ್ಮ ಕಡೆಗೂ ಬರ್ತಿತ್ತು. ಗಂಡ ಬಿಟ್ಟವಳು, ನಗುಮುಖದವಳು. ಆ ದಿನ ದೇವದಾಸ ಆ ಹೆಂಗಸಿನ ಮನೆಯಿಂದ ಸಾಮಾನು ಹೊರಿಸಿ ತನ್ನ ಪಿಕಪ್ಪಿಗೆ ಹಾಕಿಸುದನ್ನು ಕಣ್ಣಾರೆ ಕಂಡವರು ಇಬ್ಬರು ಇದ್ದರು. ಅದೇ ದಿನ ಅವಳೂ ಮನೆ ಖಾಲಿ ಮಾಡಿ ಕೇರಳಕ್ಕೆ ಹೋಗಿದ್ದಳು. ಇನ್ನೇನು ಬೇಕು ಮಾರಾಯ್ರೆ, ಸಂಜೆ ಆಗುದರೊಳಗೆ ಪೆರಾಬೆಯವರು ಅವರಿಬ್ಬರಿಗೂ ಮದುವೆಯೇ ಮಾಡಿಸಿಬಿಟ್ಟರು. ಕೇರಳದ ಇರಿಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಜೋಡಿಯಾಗಿ ನೋಡಿದೆ ಅಂತ ಹೇಳುವವನೂ ಒಬ್ಬ ಹುಟ್ಟಿಕೊಂಡ.

ಪೊಲೀಸ್ ಠಾಣೆಗೆ ಹೋಗುವ ಅಂದೆ ನಾನು. ನನ್ನ ಅತ್ತೆ, ಅಪ್ಪಿ ಅಂತ ಹೆಸರು, ನೆಲದಲ್ಲಿ ಕೂತವರು ಏಳಲೇ ಇಲ್ಲ. ಠಾಣೆಗೆ ಹೋದ್ರೆ ಪೇಪರಿನಲ್ಲಿ ಬರ್ತದೆ, ಮನೆಯ ಮರ್ಯಾದೆ ಹೋಗ್ತದೆ, ನಮ್ಮದನ್ನು ನೋಡಿಕೊಳ್ಳಲಿಕ್ಕೆ ನಮ್ಮ ದೈವ ಉಂಟು ಅಂದರು. ಭಾವನೂ ಅದನ್ನೇ ಅಂದರು. ನಾನು ಹಾರಾಡಿದೆ, ಆದ್ರೆ ಸುಳ್ಳು ಯಾಕೆ, ಅರ್ಧ ಮನಸ್ಸು ನನ್ನದೂ ಆ ಸುದ್ದಿಯನ್ನು ನಂಬಿತ್ತು.

ನಮ್ಮಲ್ಲಿ ಒಂದು ಕ್ರಮ ಉಂಟು. ಯಾರಾದ್ರೂ ದೊಡ್ಡ ಅನ್ಯಾಯ ಮಾಡಿದ್ರೆ ದೈವದ ಗುಡಿಯ ಎದುರು ನಿಂತು, ಹೆಸರು ಹೇಳಿ, ದೂರು ಕೊಟ್ಟು ಬರುದು. ಆಮೇಲೆ ಅದನ್ನು ದೈವ ನೋಡಿಕೊಳ್ಳುದು, ಮನುಷ್ಯರು ಕೈ ಹಾಕುವ ಹಾಗಿಲ್ಲ. ಮೂರನೇ ದಿನ ಸಂಜೆ ಅತ್ತೆ ನಮ್ಮ ಗುಡ್ಡೆಯ ಬುಡದ ಗುಡಿಗೆ ಹೋಗಿ ಗಂಟೆ ಹೊಡೆದು ತನ್ನ ಮಗನ ಮೇಲೆಯೇ ದೂರು ಕೊಟ್ಟರು. ನಾನು ಹಿಂದೆ ನಿಂತಿದ್ದೆ. ಅವರ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು: "ಹೆಂಡತಿ ಮಗುವನ್ನು ಬಿಟ್ಟು ಹೋದವ ಅವ. ಬಾಯಾರಿದಾಗ ಅವನಿಗೆ ಒಂದು ತೊಟ್ಟು ನೀರು ಸಿಕ್ಕದೆ ಹೋಗ್ಲಿ."

ಕಿರಿ ಮಗ ಅಂದ್ರೆ ಅವರಿಗೆ ಜೀವ. ಅಷ್ಟು ಪ್ರೀತಿ ಇದ್ದದ್ದಕ್ಕೇ ಅಷ್ಟು ಸಿಟ್ಟು ಬಂದದ್ದು ಅಂತ ನನಗೆ ಈಗ ಅರ್ಥ ಆಗ್ತದೆ. ಆಗ ಆಗಿರಲಿಲ್ಲ.

ಆಮೇಲೆ ನನ್ನ ಅವಸ್ಥೆ ನೋಡಿ. ಗಂಡ ಇದ್ದಾನಾ ಅಂದ್ರೆ ಇಲ್ಲ, ಇಲ್ಲವಾ ಅಂದ್ರೆ ಹಾಗೂ ಹೇಳುವ ಹಾಗಿಲ್ಲ. ಕುಂಕುಮ ಇಟ್ಟರೆ ಒಂದು ನಗು, ಇಡದಿದ್ರೆ ಇನ್ನೊಂದು ನಗು. ಮಗಳು ಯಶ್ಮಿತಾ ಆಗ ಸಣ್ಣ ಕ್ಲಾಸು. ಶಾಲೆಯಲ್ಲಿ ಮಕ್ಕಳು ಅವಳನ್ನು ಕೇರಳ ಅಂತಲೇ ಕರೀತಿದ್ದರು. ಈಗ ಪುತ್ತೂರಿನಲ್ಲಿ ಪಿಯುಸಿ ಓದ್ತಾಳೆ, ಅಲ್ಲಿಗೂ ಆ ಹೆಸರು ಬಸ್ಸು ಹತ್ತಿ ಹೋಗಿದೆ. ಅಮ್ಮಾ, ಅಪ್ಪ ನಮ್ಮನ್ನು ಬಿಟ್ಟು ಹೋದದ್ದು ಹೌದಾ ಅಂತ ಅವಳು ವರ್ಷಕ್ಕೊಮ್ಮೆಯಾದ್ರೂ ಕೇಳುದು. ಅದೊಂದು ಗೊತ್ತಾದ್ರೆ ಸಾಕು ಅಂತ ಬದುಕಿದವಳು ನಾನು.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುದು ಉಂಟು. ಒಳಗಿನ ಕೋಣೆಯಲ್ಲಿ ಮನೆಯಿಂದ ಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟ ಇದ್ದದ್ದನ್ನು ಬಡಿಸಿ, ಗ್ಲಾಸಿನಲ್ಲಿ ನೀರು ಇಟ್ಟು, ಹೆಸರು ಕರೆದು, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಕೂರುದು. ಅವರು ಉಂಡು ಆಗುವಷ್ಟು ಹೊತ್ತು ಮಾತಿಲ್ಲ. ಮೊದಲ ವರ್ಷ ಒಂದು ಎಲೆ ಜಾಸ್ತಿ ಹಾಕುವ ಅಂತ ನಾನು ಹೇಳಿದೆ. ಅತ್ತೆ ನನ್ನ ಕೈಯಿಂದ ಎಲೆ ಕಿತ್ತುಕೊಂಡರು. ಬದುಕಿದವನಿಗೆ ಎಲೆ ಹಾಕುದಾ, ಅದೂ ಅಂಥವನಿಗಾ ಅಂದರು. ಅವರು ಹೇಳಿದ್ದರಲ್ಲಿ ತಪ್ಪು ಇರಲಿಲ್ಲ, ಬದುಕಿದವರಿಗೆ ಎಲೆ ಹಾಕುವ ಹಾಗಿಲ್ಲ.

ಆ ದಿನ ಬಾಗಿಲು ಎಳೆದು ಹೊರಗೆ ಕೂತಾಗ ನನಗೆ ಮೊದಲ ಸಲ ಆ ಶಬ್ದ ಕೇಳಿತು. ಗುಡ್ಡೆಯ ಹಿಂದಿನಿಂದ, ತಗಡಿನ ಬಾಗಿಲು ಗಾಳಿಗೆ ಹೊಡೆದ ಹಾಗೆ, ಧಡ್ ಅಂತ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ನಾನು ತಲೆ ಎತ್ತಿ ನೋಡಿದೆ, ಬೇರೆ ಯಾರೂ ಎತ್ತಲಿಲ್ಲ. ಆಮೇಲೆ ಅದು ಬಿಡಲೇ ಇಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ, ಒಳ್ಳೆ ಮಧ್ಯಾಹ್ನದ ಬಿಸಿಲಲ್ಲಿ ಧಡ್. ಕೇಳುದು ನನಗೊಬ್ಬಳಿಗೆ. ಪುತ್ತೂರಿನ ಕಿವಿ ಡಾಕ್ಟ್ರು ಬೆಳಕು ಬಿಟ್ಟು ನೋಡಿ ಕಿವಿ ಸರಿ ಉಂಟು, ಟೆನ್ಷನ್ ಕಮ್ಮಿ ಮಾಡಿ ಅಂದರು. ಕಮ್ಮಿ ಮಾಡಲಿಕ್ಕೆ ಅದೆಂತ ಗ್ಯಾಸ್ ಒಲೆಯಾ ಅಂತ ಕೇಳಿ ಬಂದೆ.

ಹೋದ ನವೆಂಬರಿನಲ್ಲಿ ನಮ್ಮ ಗುಡ್ಡೆಗೆ ಎರಡು ಜೀಪು ಬಂತು. ಯುದ್ಧ ವಿಮಾನಕ್ಕೆ ಹೊಸ ರಾಡಾರ್ ಮಾಡ್ತಾ ಇದ್ದಾರಂತೆ, ಅದರ ಪರೀಕ್ಷೆಯಂತೆ, ಮರ ಇಲ್ಲದ, ಕೆಂಪು ಮುರಕಲ್ಲಿನ ಬೋಳು ಜಾಗ ಬೇಕಂತೆ. ಕಡಬದಿಂದ ಅಧಿಕಾರಿಗಳೂ ಬಂದಿದ್ದರು. ಭಾವ ಹೂಂ ಅಂದರು. ಗುಡ್ಡೆಯ ತಲೆಯಲ್ಲಿ ಅಲ್ಲಲ್ಲಿ ಮೂರು ಮೂರು ತಗಡು ಮೂಲೆಗೆ ಮೂಲೆ ಸೇರಿಸಿ, ಬಾಯಿ ಆಕಾಶಕ್ಕೆ ಮಾಡಿ ನಿಲ್ಲಿಸಿದರು. ಅಕ್ಕಿ ಕೇರುವ ದೊಡ್ಡ ಗೆರಸೆ ಓರೆಯಾಗಿ ಇಟ್ಟ ಹಾಗೆ ಕಾಣ್ತಿತ್ತು. ಇಷ್ಟಕ್ಕೆ ಬೆಂಗಳೂರಿನಿಂದ ಬರಬೇಕಿತ್ತಾ, ನಮ್ಮ ಊರಿನ ವೆಲ್ಡಿಂಗ್‌ನವ ಮಾಡಿಕೊಡ್ತಿದ್ದ ಅಂತ ನಾನು ಹೇಳಿದ್ದಕ್ಕೆ ಅವರಲ್ಲಿ ಒಂದು ಹುಡುಗಿ ಜೋರಾಗಿ ನಗಾಡಿತು. ಅದು ಚಿನ್ಮಯೀ.

ಸುಳ್ಯ ಕಡೆಯ ಹವ್ಯಕರ ಹುಡುಗಿ, ಸುಳ್ಯದಲ್ಲೇ ಇಂಜಿನಿಯರಿಂಗ್ ಕಲಿತದ್ದು, ಈಗ ಆ ರಾಡಾರಿನ ಕೆಲಸ. ಆಕಾಶದಿಂದ ತೆಗೆದ ಚಿತ್ರದಲ್ಲಿ ಎಂತೆಂತ ಕಾಣ್ತದೆ ಅಂತ ನೋಡುದು ಅವಳ ಪಾಲು. ನಮ್ಮ ಅಡಿಗೆಮನೆಯಲ್ಲಿ ಮೀನು ಬೇಯ್ತಾ ಇದ್ರೂ ಮೂಗು ಮುಚ್ಚದೆ ಬಾಗಿಲಲ್ಲಿ ಕೂತು ಚಾ ಕುಡೀತಿದ್ದಳು. ಅಕ್ಕ ಅಂತ ಕರೀತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಬಂತು, ಯಶ್ಮಿತಾ ನಾಳೆ ಹೀಗೆ ಆಗ್ಲಿ ಅಂತ ಆಸೆಯೂ ಬಂತು.

ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಹೇಳ್ತೇನೆ. ಮೊದಲು ವಿಮಾನದ ಮೂಗಿನ ಒಳಗೆ ಒಂದು ತಟ್ಟೆ ಆಚೆ ಈಚೆ ತಿರುಗ್ತಾ ನೋಡ್ತಿತ್ತಂತೆ, ನಾವು ಕತ್ತಲಲ್ಲಿ ಟಾರ್ಚು ಆಡಿಸಿದ ಹಾಗೆ. ಈಗಿನದ್ದು ತಿರುಗುದೇ ಇಲ್ಲ. ಒಂದು ಹಲಗೆಯಲ್ಲಿ ಸಾವಿರ ಸಣ್ಣ ಸಣ್ಣ ತುಂಡು, ಒಂದೊಂದಕ್ಕೂ ಅದರದ್ದೇ ಸ್ವರ, ಅದರದ್ದೇ ಕಿವಿ. ಎಲ್ಲ ಸೇರಿ ಒಂದೇ ಕ್ಷಣದಲ್ಲಿ ಹತ್ತು ಕಡೆ ನೋಡ್ತದೆ. ಜಪಾನಿನವರು, ಅಮೆರಿಕದವರು ಮೊದಲು ಮಾಡಿದ್ದು, ಆಮೇಲೆ ಫ್ರಾನ್ಸು, ಸ್ವೀಡನ್ನು, ಚೀನಾ. ಯಾರೂ ಒಳಗುಟ್ಟು ಬಿಟ್ಟುಕೊಡುದಿಲ್ಲ, ಅದಕ್ಕೆ ನಮ್ಮವರೂ ಸ್ವಂತ ಮಾಡ್ಲಿಕ್ಕೆ ಹೊರಟದ್ದು. ಆ ತುಂಡಿಗೆ ಗ್ಯಾಲಿಯಂ ಅಂತ ಒಂದು ಲೋಹ ಬೇಕಂತೆ, ಅದು ಹೆಚ್ಚಾಗಿ ಇರುದು ಚೀನಾದ ಕೈಯಲ್ಲಿ, ಅವರು ಈಗ ಕೈ ಬಿಗಿ ಮಾಡಿದ್ದಾರಂತೆ. ದೊಡ್ಡ ದೊಡ್ಡ ದೇಶಗಳು ಒಂದು ಕಣ್ಣಿಗಾಗಿ ಇಷ್ಟು ಒದ್ದಾಡ್ತಾವಾ ಅಂತ ನನಗೆ ಆಶ್ಚರ್ಯ ಆಯ್ತು. ಮೊದಲು ನೋಡಿದವ ಬದುಕ್ತಾನೆ ಅಕ್ಕ, ಅಷ್ಟೇ ಅಂದಳು.

ಆ ರಾಡಾರಿಗೆ ಆಕಾಶದಲ್ಲಿ ಇನ್ನೊಂದು ವಿಮಾನ ಹುಡುಕುದು ಮಾತ್ರ ಅಲ್ಲ, ನೆಲದ ಚಿತ್ರ ತೆಗೆಯಲಿಕ್ಕೂ ಆಗ್ತದಂತೆ. ಮೋಡ ಇರಲಿ, ಕತ್ತಲೆ ಇರಲಿ. ವಿಮಾನ ಪಕ್ಕದಲ್ಲಿ ಹಾದು ಹೋಗ್ತಾ ನೆಲವನ್ನು ಕೂಗ್ತಾ ಕೂಗ್ತಾ ಹೋಗುದು, ಬಂದ ಉತ್ತರವನ್ನೆಲ್ಲ ಸೇರಿಸಿ ಚಿತ್ರ ಮಾಡುದು. ಮರ, ಮಣ್ಣು ಎಲ್ಲ ಆ ಕೂಗನ್ನು ಎಲ್ಲೆಲ್ಲಿಗೋ ಚೆಲ್ಲುತ್ತವೆ. ಮೂರು ತಗಡು ಮೂಲೆ ಕಟ್ಟಿದ್ರೆ ಮಾತ್ರ, ಎಲ್ಲಿಂದ ಕೂಗಿದ್ರೂ ಕೂಗಿದವರ ಕಡೆಗೇ ಉತ್ತರ ಹಿಂದೆ ಹೋಗ್ತದೆ. ಅದಕ್ಕೇ ಚಿತ್ರದಲ್ಲಿ ಅದೊಂದು ಉರಿಯುವ ಚುಕ್ಕಿ. ನಾವು ಇಟ್ಟ ಚುಕ್ಕಿ ಇಟ್ಟ ಜಾಗದಲ್ಲೇ ಕಂಡರೆ ರಾಡಾರ್ ಸರಿ ಉಂಟು ಅಂತ ಲೆಕ್ಕ.

ನವೆಂಬರಿನಲ್ಲಿ ವಿಮಾನ ಬಂತು. ಕಾಣಲಿಕ್ಕೆ ಸಿಕ್ಕಲಿಲ್ಲ, ಶಬ್ದ ಮಾತ್ರ. ಕೋಳಿಗಳೆಲ್ಲ ಬುಟ್ಟಿಯಡಿ ನುಗ್ಗಿದವು. ಎಲ್ಲ ಸರಿ ಬಂತು ಅಂತ ಚಿನ್ಮಯೀ ಖುಷಿಯಲ್ಲಿ ಹೋದಳು. ಎಲೆ ಉದುರಿದ ಕಾಡು ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ ಜನವರಿ ಕೊನೆಗೆ ಇನ್ನೊಮ್ಮೆ ವಿಮಾನ ಬರ್ತದೆ ಅಂದಿದ್ದಳು, ಬಂತು.

ಅದಾಗಿ ಸ್ವಲ್ಪ ದಿನಕ್ಕೆ ಚಿನ್ಮಯೀ ಒಬ್ಬಳೇ ಬಂದಳು. ಚಾ ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ಸ್ವರ ತಗ್ಗಿಸಿ ಕೇಳಿದಳು.

"ಅಕ್ಕ, ನಿಮ್ಮ ಗುಡ್ಡೆಯ ಹಿಂದೆ ತಗ್ಗಿನಲ್ಲಿ ಎಂತ ಉಂಟು?"

ಎಂತದೂ ಇಲ್ಲ ಅಂದೆ. ಇಲ್ಲದೇ ಇದ್ದದ್ದು ಹೌದು. ಅಲ್ಲಿ ಗಲ್ಫಿನಲ್ಲಿರುವ ಒಬ್ಬರ ರಬ್ಬರ್ ತೋಟ, ರೇಟು ಬಿದ್ದ ಮೇಲೆ, ಇವರು ಹೋಗುವ ಮೊದಲೇ, ಟ್ಯಾಪಿಂಗ್ ನಿಂತಿತ್ತು. ಆಮೇಲೆ ಆನೆ ಇಳಿಯಲಿಕ್ಕೆ ಶುರುವಾಗಿ ಸೊಪ್ಪಿಗೂ ಯಾರೂ ಹೋಗುದಿಲ್ಲ. ಮೊದಲು ನೆಲ್ಯಾಡಿಯಿಂದ ಬರಲಿಕ್ಕೆ ಅಲ್ಲಿ ಒಂದು ಮಣ್ಣಿನ ಒಳದಾರಿ ಇತ್ತು, ಈಗ ಅದೂ ಕಾಡು.

ಚಿತ್ರ ತೋರಿಸಲಿಕ್ಕೆ ಅವಳಿಗೆ ಅಪ್ಪಣೆ ಇಲ್ಲ. ಗ್ಲಾಸಿನ ನೀರಿಗೆ ಬೆರಳು ಅದ್ದಿ ಸಿಮೆಂಟು ನೆಲದಲ್ಲಿ ಗುಡ್ಡೆ ಬರೆದಳು, ಅವರ ತಗಡು ಇದ್ದಲ್ಲಿ ಚುಕ್ಕಿ ಇಟ್ಟಳು, ಗುಡ್ಡೆಯ ಹಿಂದೆ ಇನ್ನೊಂದು ಚುಕ್ಕಿ ಇಟ್ಟಳು. ಅವರು ಇಟ್ಟದ್ದಕ್ಕಿಂತ ಅದು ಜೋರಾಗಿ ಉರೀತಾ ಉಂಟಂತೆ. ನವೆಂಬರಿನಲ್ಲಿ ಇರಲಿಲ್ಲ, ಈಗ ರಬ್ಬರಿನ ಎಲೆ ಪೂರ್ತಿ ಉದುರಿದ ಮೇಲೆ ಕಂಡದ್ದು. ನೆಲದಲ್ಲಿ ಎಂತದೂ ಇಲ್ಲದೆ ಚಿತ್ರದಲ್ಲಿ ಮಾತ್ರ ಕಾಣುವ ಚುಕ್ಕಿಗೆ ಅವರ ಆಫೀಸಿನಲ್ಲಿ ಪ್ರೇತ ಅಂತಲೇ ಹೇಳುದಂತೆ. ಅದು ಪ್ರೇತ, ಅಳಿಸಿ ಮುಂದೆ ಹೋಗು ಅಂದಿದ್ದಾರೆ ಸಾಹೇಬರು. ಇವಳಿಗೆ ಮನಸ್ಸು ಒಪ್ಪಲಿಲ್ಲ. ವಿಮಾನ ಎರಡು ದಿಕ್ಕಿನಿಂದ ನೋಡಿದಾಗಲೂ ಅದು ಅಲ್ಲೇ ಇತ್ತು ಅಕ್ಕ, ಅಲ್ಲಿ ಏನೋ ನಿಜವಾಗಿ ಉಂಟು ಅಂದಳು.

ಅವಳು ಬೆರಳು ಇಟ್ಟ ದಿಕ್ಕು, ನನಗೆ ಏಳು ವರ್ಷದಿಂದ ಶಬ್ದ ಕೇಳ್ತಾ ಇದ್ದ ದಿಕ್ಕು. ನೆಲದ ನೀರು ಒಣಗುವವರೆಗೆ ನಾನು ಅದನ್ನೇ ನೋಡ್ತಾ ಕೂತಿದ್ದೆ.

ಭಾವನಿಗೆ ಹೇಳಿದ್ರೆ, ಅದು ರಬ್ಬರ್ ಶೀಟ್ ಒಣಗಿಸುವ ಹಳೇ ಹೊಗೆಮನೆಯ ತಗಡು ಮಾರಾಯ್ತಿ, ಆನೆ ತುಳಿದ್ರೆ ಯಾರು ಜವಾಬ್ದಾರಿ ಅಂದರು. ಅತ್ತೆ ಒಳಗಿಂದ ಬಂದರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯ್ತು. ಅಲ್ಲಿಗೆ ಯಾರೂ ಹೋಗುದು ಬೇಡ, ಇದ್ದದ್ದು ಇದ್ದ ಹಾಗೇ ಇರಲಿ ಅಂತ ಹೇಳಿದರು, ಹೇಳುವಾಗ ಬಾಗಿಲ ದಾರಂದ ಹಿಡಿದುಕೊಂಡಿದ್ದರು. ಮಗ ಕೇರಳದಲ್ಲಿ ಸುಖವಾಗಿ ಇದ್ದಾನೆ ಅಂತ ನಂಬಿ ಅವನ ಮೇಲೆ ಸಿಟ್ಟು ಇಟ್ಟುಕೊಂಡು ಬದುಕಿದ ಹೆಂಗಸು ಅದು. ಆ ಸಿಟ್ಟನ್ನು ತೆಗೆದ್ರೆ ಕೆಳಗೆ ಎಂತ ಸಿಕ್ಕಬಹುದು ಅಂತ ಅವರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ನಾನು ಕೇಳಲಿಲ್ಲ. ನೀವು ದೈವಕ್ಕೆ ಹೇಳಿ ಆಯ್ತಲ್ಲ, ಈಗ ನಾನು ನನ್ನ ಕಣ್ಣಿಂದ ನೋಡ್ತೇನೆ ಅಂದೆ.

ಮರುದಿನ ಬೆಳಿಗ್ಗೆ ನಮ್ಮ ತೋಟದ ಕೆಲಸದ ಮಾಯಿಲಪ್ಪ ಕತ್ತಿ, ಹಾರೆ ಹಿಡಿದು ಮುಂದೆ, ನಾನೂ ಚಿನ್ಮಯೀಯೂ ಹಿಂದೆ. ತರಗೆಲೆ ಮೊಣಕಾಲಿನವರೆಗೆ. ತಲೆ ಮೇಲೆ ಒಂದು ಎಲೆ ಇಲ್ಲ, ಬಿಳಿ ಕಾಂಡಗಳು, ಬಿಸಿಲು. ಒಳದಾರಿ ತಿರುಗುವಲ್ಲಿ ಅಂಚು ಜರಿದಿತ್ತು. ಮಾಯಿಲಪ್ಪ ಬಗ್ಗಿ ನೋಡಿದವ ಹಿಂದೆ ತಿರುಗಿ ನನ್ನ ಮುಖ ನೋಡಿದ.

ಪಿಕಪ್ಪು ಕೆಳಗೆ ಮಗುಚಿ ಬಿದ್ದಿತ್ತು. ಬಳ್ಳಿ ಹತ್ತಿ ಹಸಿರು ಗುಪ್ಪೆಯಾಗಿತ್ತು, ನಂಬರ್ ಪ್ಲೇಟಿನ ಅರ್ಧ ಕಾಣ್ತಿತ್ತು. ಅದರ ಈಚೆ, ಬಯಲಿನಲ್ಲಿ, ಒಂದು ಸ್ಟೀಲಿನ ಕಪಾಟು ಅಂಗಾತ ಬಿದ್ದಿತ್ತು. ಎರಡು ಬಾಗಿಲೂ ತೆರೆದು, ಆಕಾಶ ನೋಡ್ತಾ. ಒಳಗೆ ಅಡ್ಡ ಹಲಗೆಗಳು, ಹಲಗೆ ಹಲಗೆಗೂ ಮೂಲೆ, ಮೂಲೆ ಮೂಲೆಯಲ್ಲೂ ಮೂರು ತಗಡು. ಚಿನ್ಮಯೀ ಬಾಯಿಗೆ ಕೈ ಇಟ್ಟು ನಿಂತಳು. ಆಕಾಶಕ್ಕೆ ಉತ್ತರ ಕೊಟ್ಟದ್ದು ಅದು.

ಈ ಕಪಾಟಿನ ಸುದ್ದಿ ಹೇಳ್ಬೇಕು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಪಾಟು, ಅದು ಅತ್ತೆಯದ್ದು, ಬೀಗದಕೈ ಅವರ ಸೊಂಟದಲ್ಲಿ. ನನ್ನ ಸೀರೆಗಳು ಮಂಚದ ಅಡಿಯ ಟ್ರಂಕಿನಲ್ಲಿ. ಟ್ರಂಕಿಗೆ ಹೆಗ್ಗಣ ಹೊಕ್ಕು ನನ್ನ ಧಾರೆ ಸೀರೆ ತಿಂದ ದಿನ ನಾನು ಅತ್ತಿದ್ದೆ, ನನಗೊಂದು ಕಪಾಟು ತಂದುಕೊಡಿ ಅಂತ ಗಂಡನ ಹತ್ರ ಕೇಳಿದ್ದೆ. ನೋಡುವ ಅಂದಿದ್ದರು. ಅವರ ನೋಡುವ ಅಂದ್ರೆ ಇಲ್ಲ ಅಂತಲೇ ಅರ್ಥ ಅಂದುಕೊಂಡು ನಾನು ಮತ್ತೆ ಕೇಳಿರಲಿಲ್ಲ.

ಬಾಗಿಲಿನ ಒಳಬದಿಗೆ ಒಂದು ಸ್ಟಿಕ್ಕರ್ ಅಂಟಿತ್ತು. ಬಣ್ಣ ಹೋಗಿದ್ರೂ ಗೊತ್ತಾಗ್ತಿತ್ತು, ಮಗುವನ್ನು ಎತ್ತಿಕೊಂಡ ಮೇರಿಯಮ್ಮ, ಕೆಳಗೆ ಮಲಯಾಳ ಅಕ್ಷರ. ಆ ಕೇರಳದ ಹೆಂಗಸು ಮನೆ ಖಾಲಿ ಮಾಡುವಾಗ ಮಾರಿದ ಕಪಾಟು ಅದು. ಇವರು ಅದನ್ನು ನನಗಂತ ಕೊಂಡುಕೊಂಡು, ಊಟದ ಹೊತ್ತಾಯ್ತು ಅಂತ ಒಳದಾರಿಯಲ್ಲಿ ಬಂದಿದ್ದಾರೆ. ಊರಿನವರು ಕಣ್ಣಾರೆ ಕಂಡದ್ದು ಸುಳ್ಳಲ್ಲ, ಅವಳ ಮನೆಯ ಸಾಮಾನು ಇವರ ಪಿಕಪ್ಪಿಗೆ ಹತ್ತಿದ್ದು ಹೌದು. ಓಡಿ ಹೋದ ಅಂತ ಹೇಳಲಿಕ್ಕೆ ಇಡೀ ಊರು ಹಿಡಿದ ಸಾಕ್ಷಿ ನನ್ನ ಕಪಾಟು. ನಾನು ಅದರ ಪಕ್ಕದಲ್ಲಿ ಕೂತುಬಿಟ್ಟೆ. ಸಂತೋಷವಾ ಸಂಕಟವಾ ಗೊತ್ತಾಗಲಿಲ್ಲ.

ಎದ್ದು ಬಾಗಿಲು ಮುಚ್ಚಲಿಕ್ಕೆ ನೋಡಿದೆ.

ಅಲುಗಲಿಲ್ಲ. ತಿರುಗಣೆ ತುಕ್ಕು ಹಿಡಿದು ಒಂದೇ ಕಬ್ಬಿಣ ಆಗಿತ್ತು. ಮಾಯಿಲಪ್ಪ ಹಾರೆ ಕೊಟ್ಟು ಎಳೆದರೂ ಅಲುಗಲಿಲ್ಲ. ಇದು ಬಿದ್ದ ವರ್ಷವೇ ಹಿಡಿದದ್ದು ಅಕ್ಕೆರೇ, ಗಾಳಿಗೆಲ್ಲ ಆಡುದಿಲ್ಲ ಅಂದ. ಹಿಂದಿನ ದಿನ ಮಧ್ಯಾಹ್ನವೂ ನಾನು ಆ ಬಾಗಿಲು ಹೊಡೆದುಕೊಳ್ಳುದನ್ನು ಕೇಳಿದ್ದೆ. ಅವನಿಗೆ ನಾನು ಅದನ್ನು ಹೇಳಲಿಲ್ಲ.

ಪಿಕಪ್ಪಿನ ಒಳಗೆ ಯಾರೂ ಇರಲಿಲ್ಲ. ಹುಡುಕ್ತಾ ಕೆಳಗೆ ಇಳಿದ ಮಾಯಿಲಪ್ಪ ಮಳೆನೀರು ಹರಿಯುವ ತೋಡಿನ ಹತ್ರದಿಂದ ಕರೆದ. ತೋಡಿಗೆ ಇನ್ನು ಎರಡು ಮಾರು ಇರುವಲ್ಲಿ ಅವರ ಎಲುಬುಗಳು ಇದ್ದವು. ಒಂದು ತೊಡೆಯ ಎಲುಬು ಮುರಿದಿತ್ತು, ಅದಕ್ಕೆ ಅವರ ಬೆಲ್ಟು ಸುತ್ತಿ ಬಿಗಿದು ಕೊಕ್ಕೆ ಹಾಕಿತ್ತು. ಕೈಯ ಎಲುಬಿನ ಹತ್ರ ಒಂದು ಪ್ಲಾಸ್ಟಿಕ್ ನೀರಿನ ಬಾಟ್ಲಿ, ಮುಚ್ಚಳ ಇಲ್ಲದ್ದು. ಪಗ್ಗು ತಿಂಗಳಲ್ಲಿ ಆ ತೋಡಿನಲ್ಲಿ ನೀರು ಇರುದೇ ಇಲ್ಲ. ಅಷ್ಟು ದೂರ ತೆವಳಿ ಬಂದದ್ದು ಖಾಲಿ ತೋಡಿಗೆ.

ಅಲ್ಲಿ ನಿಂತಾಗ ಗುಡ್ಡೆಯ ಆಚೆಯಿಂದ ನಮ್ಮ ಮನೆಯ ನಾಯಿ ಬೊಗಳುದು ಕೇಳಿತು. ಅತ್ತೆ ಅದನ್ನು ಗದರಿಸುದೂ ಕೇಳಿತು. ಅಷ್ಟು ಹತ್ತಿರ. ಮೂರನೇ ದಿನ ಸಂಜೆಯ ಗುಡಿಯ ಗಂಟೆ ಇಲ್ಲಿಗೆ ಕೇಳದೆ ಇರಲಿಕ್ಕೆ ಸಾಧ್ಯವೇ ಇಲ್ಲ ಅಂತ ನನಗೆ ಅನಿಸಿದಾಗ ಹೊಟ್ಟೆಯಲ್ಲಿದ್ದದ್ದೆಲ್ಲ ವಾಂತಿಯಾಯ್ತು. ಚಿನ್ಮಯೀ ನನ್ನ ಬೆನ್ನು ನೇವರಿಸಿದಳು.

ಪೊಲೀಸಿನವರು ಬಂದರು, ಡಾಕ್ಟ್ರು ಬಂದರು, ಭಾವನೂ ಬಂದರು. ಬೆಲ್ಟು ಬಿಗಿದದ್ದು, ಇಷ್ಟು ದೂರ ತೆವಳಿದ್ದು ನೋಡಿದ್ರೆ ಬಿದ್ದ ಕೂಡ್ಲೇ ಹೋದದ್ದಲ್ಲ, ಎರಡು ಮೂರು ದಿನ ಜೀವ ಇದ್ದಿರಬಹುದು ಅಂತ ಡಾಕ್ಟ್ರು ಮೆಲ್ಲ ಹೇಳಿದರು. ಭಾವ ಅಲ್ಲೇ ಕಲ್ಲಿನ ಮೇಲೆ ಕೂತರು. ಅವತ್ತು ಠಾಣೆ ಬೇಡ ಅಂದದ್ದು ಯಾರು ಅಂತ ಕೇಳಲಿಕ್ಕೆ ನನ್ನ ನಾಲಿಗೆ ತುರಿಸಿತು. ಆದ್ರೆ ಅವರು ತಮ್ಮನ ಬೆಲ್ಟನ್ನು ನೋಡ್ತಾ ಇದ್ದ ರೀತಿ ನೋಡಿ ಬಿಟ್ಟೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಗಾಡಿಯೂ ಎಲುಬೂ ಸಿಕ್ಕಿದ ಸುದ್ದಿ ಮಾತ್ರ ಮೊದಲೇ ಮುಟ್ಟಿತ್ತು. ಅಳಲಿಲ್ಲ. ಅವರು ನನ್ನನ್ನು ಹತ್ರ ಕರೆದು ಒಂದೇ ಮಾತು ಕೇಳಿದರು.

"ಅವ ಎಲ್ಲಿದ್ದ?"

ನೋಡಿ, ಏಳು ವರ್ಷ ನಾನು ಈ ಹೆಂಗಸಿಗೆ ಹೇಳಬೇಕು ಅಂತ ಮಾತು ಜೋಡಿಸಿ ಇಟ್ಟಿದ್ದೆ. ಒಂದೊಂದೂ ಮೆಣಸು ಅರೆದ ಹಾಗಿನ ಮಾತು. ಹೇಳಿದ್ರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದ್ರೆ ಅವರ ಕೈ ನನ್ನ ಸೆರಗನ್ನು ಹಿಡಿದಿತ್ತು, ಸಣ್ಣ ಮಕ್ಕಳು ಹಿಡಿದ ಹಾಗೆ. ನನಗೆ ಅವರ ಮೇಲೆ ಸಿಟ್ಟು ಇತ್ತು, ಈಗಲೂ ಉಂಟು. ಅದರ ಒಟ್ಟಿಗೇ ಕನಿಕರವೂ ಬಂತು.

"ಗಾಡಿಯ ಒಳಗೇ ಇದ್ದರು ಅತ್ತೆ. ಬಿದ್ದ ಕೂಡ್ಲೇ ಹೋಗಿದ್ದಾರೆ. ಅವರಿಗೆ ಎಂತದೂ ಗೊತ್ತೇ ಆಗಲಿಲ್ಲ."

ಅವರು ನನ್ನ ಕಣ್ಣನ್ನೇ ನೋಡಿದರು, ಆಮೇಲೆ ಸೆರಗು ಬಿಟ್ಟರು. ಈ ಮಾತು ಬದಲಾಗುವ ಹಾಗಿಲ್ಲ ಅಂತ ನಾನು ಭಾವನ ಹತ್ರವೂ ಮಾಯಿಲಪ್ಪನ ಹತ್ರವೂ ಆಣೆ ಹಾಕಿಸಿದೆ. ಪೊಲೀಸಿನವರು ಬರೆದುಕೊಂಡದ್ದೂ ಅತ್ತೆಯ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ಪುತ್ತೂರಿನಿಂದ ಬಂದ ಯಶ್ಮಿತಾಳಿಗೂ ಇದೇ ಹೇಳಿದೆ. ಅಪ್ಪ ಬಿಟ್ಟು ಹೋಗಲಿಲ್ಲ ಮಗಾ, ಊಟಕ್ಕೆ ಬರ್ತಾ ಇದ್ದರು ಅಂದೆ. ಅವಳು ಅತ್ತ ಅಳು ಕೇಳಿ ಪಕ್ಕದ ಮನೆಯವರೂ ಬಂದು ನಿಂತರು. ಅವಳನ್ನು ಕೇರಳ ಅಂತ ಕರೆದವರೂ ಅವರ ಒಳಗೆ ಇದ್ದರು. ನಾನು ಒಬ್ಬೊಬ್ಬರ ಮುಖವನ್ನೂ ಬೇಕಂತಲೇ ನೋಡಿದೆ.

ಕಪಾಟನ್ನು ಹೊರಿಸಿ ತಂದೆ. ಭಾವ ಅಪಶಕುನ ಅಂದರು, ನನ್ನ ಕೋಣೆ ನನ್ನ ಶಕುನ ಅಂದೆ. ತುಕ್ಕು ಉಜ್ಜಿಸಿ, ತಿರುಗಣೆ ಬದಲಿಸಿ, ಬಣ್ಣ ಹೊಡೆಸಿದೆ, ಮೇರಿಯಮ್ಮನನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ಪಿಕಪ್ಪನ್ನು ಕ್ರೇನು ತಂದು ಎತ್ತಿದರು. ಗುಡಿಗೆ ಹೋಗಿ ದೂರನ್ನು ಹಿಂದೆ ತೆಗೆಯುವ ಅಂತ ಭಾವ ಅತ್ತೆಯನ್ನು ಕರೆದರು. ಅವರು ಹೋಗಲಿಲ್ಲ. ನಡೆದು ಹೋದದ್ದನ್ನು ಹಿಂದೆ ತೆಗೆಯುದು ಹೇಗೆ ಅಂತ ಕೇಳಿದರಂತೆ. ಬಿದ್ದ ಕೂಡ್ಲೇ ಹೋಗಿದ್ದಾರೆ ಅಂತ ನಾನು ಹೇಳಿದ ಮೇಲೆ ಅವರು ಯಾಕೆ ಹಾಗೆ ಕೇಳಿದರು ಅಂತ ನನಗೆ ಕಸಿವಿಸಿಯಾಯ್ತು.

ಎಲುಬು ಸುಟ್ಟು, ಸೂತಕ ಕಳೆದು, ಬೊಜ್ಜದ, ಅಂದ್ರೆ ಉತ್ತರಕ್ರಿಯೆಯ, ದಿನ ಅವರನ್ನು ಮನೆಯ ಹಿರಿಯರ ಒಟ್ಟಿಗೆ ಸೇರಿಸಿದೆವು. ಒಳಗಿನ ಕೋಣೆಯಲ್ಲಿ ಕೊನೆಗೂ ಅವರ ಎಲೆ ಬಿತ್ತು. ಬಂಗುಡೆ ಸಾರು ನಾನೇ ಮಾಡಿದ್ದೆ. ಎಲ್ಲಕ್ಕಿಂತ ಮೊದಲು ಅವರ ಗ್ಲಾಸಿಗೆ ನೀರು ತುಂಬಿಸಿದೆ, ಕಂಠದವರೆಗೆ. ಅತ್ತೆ ಹೆಸರು ಕರೆದರು. ಬಾಗಿಲು ಎಳೆದು ಹೊರಗೆ ಬಂದು ಕೂತೆವು.

ನಾನು ಕಿವಿ ಕೊಟ್ಟು ಕೂತಿದ್ದೆ. ಧಡ್ ಅನ್ನಲಿಲ್ಲ. ಗಾಳಿ ಇತ್ತು, ಒಂದು ಕಾಗೆ ಇತ್ತು, ಅಷ್ಟೇ. ಅಬ್ಬ, ಅವರಿಗೆ ಮುಟ್ಟಿತು, ಇನ್ನು ಸಾಕು ಅಂತ ನನಗೆ ಎದೆ ಹಗುರಾಯ್ತು. ಆಗ ಅತ್ತೆ ಥಟ್ಟನೆ ತಲೆ ಎತ್ತಿದರು, ಗುಡ್ಡೆಯ ಕಡೆಗೆ.

"ಕೇಳಿತಾ?" ಅಂತ ಕೇಳಿದರು.

ಎಂತದು ಅತ್ತೆ ಅಂದೆ.

"ಬಾಗಿಲು."

ನನಗೆ ಕೇಳುತ್ತಿದ್ದ ಶಬ್ದದ ಸುದ್ದಿ ಆ ಮನೆಯಲ್ಲಿ ನಾನು ಯಾರಿಗೂ ಹೇಳಿದ್ದಿಲ್ಲ. ಹುಚ್ಚಿ ಅಂತಾರೆ ಅಂತ ಕಿವಿ ಡಾಕ್ಟ್ರಿಗೆ ಬಿಟ್ಟು ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಮಾರ್ಚಿನಲ್ಲಿ ವಿಮಾನ ಇನ್ನೊಮ್ಮೆ ಬಂದು ಹೋಯ್ತು. ಚಿನ್ಮಯೀ ಫೋನ್ ಮಾಡಿ, ಈಗ ಆ ತಗ್ಗಿನಲ್ಲಿ ಎಂತದೂ ಇಲ್ಲ ಅಕ್ಕ, ಪೂರ್ತಿ ಕಪ್ಪು ಅಂದಳು. ಅವರ ರಾಡಾರ್ ಪಾಸಾಯ್ತಂತೆ. ಅವಳಿಗೆ ಒಳ್ಳೇದಾಗ್ಲಿ. ಆ ಸಾವಿರ ಕಣ್ಣಿಗೆ ಅಲ್ಲಿ ಎಂತದೂ ಕಾಣುದಿಲ್ಲ ಅಂದ ಮೇಲೆ ಇಲ್ಲ ಅಂತಲೇ ನಾನೂ ನಂಬಬೇಕು.

ಆದ್ರೆ ಅತ್ತೆ ಈಗ ಊಟಕ್ಕೆ ಕೂತವರು ನಡುವಿನಲ್ಲಿ ಏಳ್ತಾರೆ. ಕೈ ತೊಳೆದು, ಚೊಂಬಿನಲ್ಲಿ ನೀರು ತುಂಬಿಸಿ, ಬಿಸಿಲಲ್ಲಿ ಕೋಲು ಊರಿಕೊಂಡು ಗುಡ್ಡೆ ಹತ್ತಿ ಆಚೆ ಇಳೀತಾರೆ. ಯಾರು ಹಿಡಿದ್ರೂ ನಿಲ್ಲುದಿಲ್ಲ. ಮೊನ್ನೆ ನಾನು ಹಿಂದೆಯೇ ಹೋದೆ. ಪಿಕಪ್ಪು ಬಿದ್ದಿದ್ದ ಜಾಗವನ್ನು ಅವರು ತಿರುಗಿಯೂ ನೋಡಲಿಲ್ಲ. ನೇರ ಕೆಳಗೆ ಇಳಿದು, ತೋಡಿಗೆ ಎರಡು ಮಾರು ಇರುವಲ್ಲಿ ಕೂತು, ಚೊಂಬನ್ನು ನೆಲಕ್ಕೆ ಇಟ್ಟರು.

ಆ ಜಾಗ ಅವರಿಗೆ ಯಾರು ಹೇಳಿದ್ದು ಅಂತ ನನಗೆ ಗೊತ್ತಿಲ್ಲ. ಚಿನ್ಮಯೀ ಆಮೇಲೆ ಈ ಕಡೆ ಬಂದೇ ಇಲ್ಲ, ಭಾವ ಹೇಳಿಲ್ಲ, ಮಾಯಿಲಪ್ಪ ಹೇಳಿಲ್ಲ, ನಾನಂತೂ ಹೇಳಿಲ್ಲ.